ಗೋಬರ್ ಗ್ಯಾಸಿನ ಜಮಾ-ಖರ್ಚು

(ಕಾರ್ಮಿಕರ ಭಾನುವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ. ಸಭಿಕರು ಕೇಳಿದ ಒಂದೆರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಸೇರಿಸಿಕೊಂಡಿದೆ.)



ಗಿರಣಿಯ ಜನರನ್ನೂ ಪೇಟೆಯ ಅಂಗಡಿಕಾರರನ್ನೂ ರಜದ ದಿನ ಕೂಡಿಸಿ ಸಗಣಿಯ ಮೇಲೆ ಭಾಷಣ ಮಾಡಿಸುತ್ತೀರಲ್ಲ, ಊರಲ್ಲಿ ಬೇರೆ ವಿಷಯ ಸಿಕ್ಕಲಿಲ್ಲವೆ ಎಂದು ಒಬ್ಬ ಹಿರಿಯರು ಈಗ ತಾನೆ ಬಾಗಿಲಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ಮೊದಲು ಅದಕ್ಕೆ ಉತ್ತರ ಹೇಳಿ ಮುಂದಕ್ಕೆ ಹೋಗುತ್ತೇನೆ.

ಆಟೋ ಓಡಿಸುವವರು ತುಂಬಿಸಿಕೊಳ್ಳುವ ಸಿ.ಎನ್.ಜಿ., ಊರೂರಿಗೆ ಕೊಳವೆಯಲ್ಲಿ ಬರುತ್ತಿರುವ ಅಡುಗೆ ಗ್ಯಾಸು, ಇವೆರಡರಲ್ಲೂ ಸಗಣಿ, ಕಬ್ಬಿನ ಮಡ್ಡಿ, ಭತ್ತದ ಹುಲ್ಲು, ಊರ ಕಸ ಇವುಗಳಿಂದ ತಯಾರಾದ ಗ್ಯಾಸನ್ನು ಬೆರೆಸಲೇಬೇಕೆಂದು ಕೇಂದ್ರ ಸರ್ಕಾರ ೨೦೨೩ರ ನವೆಂಬರಿನಲ್ಲಿ ಸಾರಿತು. ಆ ಘೋಷಣೆಯ ಪ್ರಕಾರ ೨೦೨೫-೨೬ರಲ್ಲಿ ನೂರಕ್ಕೆ ಒಂದು ಪಾಲು, ೨೦೨೮-೨೯ರಿಂದ ನೂರಕ್ಕೆ ಐದು. ಬೆರಕೆಯ ಖರ್ಚು ಕೊನೆಗೆ ಯಾರ ಜೇಬಿನಿಂದ ಬರುತ್ತದೆಂದು ವ್ಯಾಪಾರ ಬಲ್ಲ ನಿಮಗೆ ನಾನು ಹೇಳಬೇಕಾಗಿಲ್ಲ. ಇದಕ್ಕೆ ಮುಂಚೆ ೨೦೧೮ರಲ್ಲಿ, ಇಂಥ ದೊಡ್ಡ ಘಟಕಗಳು ೨೦೨೩-೨೪ರೊಳಗೆ ಐದು ಸಾವಿರ ಆಗಬೇಕೆಂದು ಗುರಿ ಇಟ್ಟಿದ್ದರು. ಗಡುವು ಮುಗಿದಾಗ ಐದು ಸಾವಿರವಿರಲಿ, ಐದು ನೂರೂ ಆಗಿರಲಿಲ್ಲ. ಆದುದರಿಂದ ಈಗ ಅವಸರ ಹೆಚ್ಚಾಗಿದೆ. ಅವಸರದ ಮಾಲಿಗೆ ‘ಪರಿಸರ ಸ್ನೇಹಿ’ ಎಂಬ ಚೀಟಿ ಅಂಟಿಸಿದ್ದಾರೆ. ಚೀಟಿ ಓದಿ ಬೆಲ್ಲ ಕೊಳ್ಳುವ ವ್ಯಾಪಾರಿಯನ್ನು ನಾನಂತೂ ಕಂಡಿಲ್ಲ. ಪೆಂಟೆ ಒಡೆದು ನೋಡುತ್ತಾನೆ. ಈ ಹೊತ್ತು ನಾವು ಮಾಡತಕ್ಕದ್ದೂ ಅಷ್ಟೇ.

ಮೊದಲು ವಸ್ತು ಏನೆಂದು ತಿಳಿಯೋಣ. ಸಗಣಿಗೆ ಸಮಪಾಲು ನೀರು ಕಲಸಿ ಗಾಳಿಯಾಡದ ತೊಟ್ಟಿಯಲ್ಲಿ ನಲವತ್ತು ಐವತ್ತು ದಿನ ಬಿಟ್ಟರೆ, ಕಣ್ಣಿಗೆ ಕಾಣದ ಜೀವಾಣುಗಳು ಅದನ್ನು ತಿಂದು ಗ್ಯಾಸು ಬಿಡುತ್ತವೆ. ಆ ಗ್ಯಾಸಿನಲ್ಲಿ ನೂರಕ್ಕೆ ಐವತ್ತೈದರಿಂದ ಅರವತ್ತೈದು ಪಾಲು ಮೀಥೇನ್. ಉರಿಯುವುದು ಅದೇ. ಉಳಿದದ್ದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡು. ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಗ್ಯಾಸು ಸ್ವಲ್ಪ. ಒಂದು ಕಿಲೋ ಹಸಿ ಸಗಣಿಗೆ ಸುಮಾರು ನಲವತ್ತು ಲೀಟರು ಗ್ಯಾಸು ಬರುತ್ತದೆ. ನಮ್ಮ ನಾಡ ಹಸು ದಿನಕ್ಕೆ ಹತ್ತು ಕಿಲೋ ಸಗಣಿ ಹಾಕಿತೆಂದು ಇಟ್ಟುಕೊಂಡರೆ, ನಿಮ್ಮ ಅಡುಗೆಮನೆಯ ಒಂದು ಸಿಲಿಂಡರಿನಷ್ಟು ಶಾಖ ಕೊಡಲು ಅದಕ್ಕೆ ಎರಡೂವರೆ ಮೂರು ತಿಂಗಳು ಬೇಕು. ಹಸು ಎಂದರೆ ಕಾಮಧೇನು ಎಂದು ಹಾಡುವವರು ಈ ಲೆಕ್ಕವನ್ನೂ ನೆನಪಿನಲ್ಲಿಟ್ಟುಕೊಳ್ಳಲಿ.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಮುಂಬಯಿಯ ಮಾತುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ ೧೮೯೭ರಷ್ಟು ಹಿಂದೆಯೇ ಮಲದ ಗ್ಯಾಸಿನಿಂದ ದೀಪ ಉರಿಸಿದ್ದರು. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ೧೯೩೯ರಲ್ಲಿ ದೇಸಾಯಿಯವರು ಸಗಣಿಯ ಮೇಲೆ ಪ್ರಯೋಗ ಮಾಡಿದರು. ಜಶಭಾಯಿ ಪಟೇಲರು ೧೯೫೦ರ ದಶಕದಲ್ಲಿ ತೇಲುವ ಕಬ್ಬಿಣದ ಡ್ರಮ್ಮಿನ ಮಾದರಿ ಕಟ್ಟಿದರು. ಖಾದಿ ಆಯೋಗ ಅದನ್ನು ಹಳ್ಳಿಗಳಿಗೆ ಒಯ್ದಿತು. ಕಬ್ಬಿಣ ದುಬಾರಿಯಾದಾಗ ಇಟ್ಟಿಗೆಯ ಗುಮ್ಮಟ ಬಂತು: ೧೯೭೮ರಲ್ಲಿ ‘ಜನತಾ’, ೧೯೮೪ರಲ್ಲಿ ‘ದೀನಬಂಧು’. ಇಂದಿನವರೆಗೆ ದೇಶದಲ್ಲಿ ಕಟ್ಟಿದ ಮನೆಬಳಕೆಯ ತೊಟ್ಟಿಗಳು ಸುಮಾರು ಐವತ್ತು ಲಕ್ಷ. ಕಟ್ಟಿದವು ಎಂದೆನೇ ಹೊರತು ನಡೆಯುತ್ತಿರುವವು ಎನ್ನಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಇದರ ಪರವಾಗಿ ಹೇಳುವ ಹಳೆಯ ವಾದ ಒಂದಿದೆ, ಅದು ಗಟ್ಟಿಯಾದ ವಾದ. ಸಗಣಿಯನ್ನು ಬೆರಣಿ ತಟ್ಟಿದರೆ ಒಲೆ ಉರಿಯಿತು, ಹೊಲ ಬಡವಾಯಿತು. ಅದರಲ್ಲಿದ್ದ ಸಾರಜನಕವೆಲ್ಲ ಹೊಗೆಯಾಗಿ ಹೋಯಿತು. ತಿಪ್ಪೆಗೆ ಹಾಕಿದರೆ ಹೊಲಕ್ಕಾಯಿತು, ಒಲೆಗೆ ಸೌದೆ ಎಲ್ಲಿಂದ ತರೋಣ? ತೊಟ್ಟಿಗೆ ಹಾಕಿದರೆ ಎರಡೂ ದಕ್ಕಿತು. ಗ್ಯಾಸಿನಲ್ಲಿ ಹೋಗುವುದು ಮುಖ್ಯವಾಗಿ ಇಂಗಾಲ, ಜಲಜನಕ. ಬೆಳೆಗೆ ಬೇಕಾದ ಸಾರಜನಕ, ರಂಜಕ ಬಗ್ಗಡದಲ್ಲೇ ಉಳಿಯುತ್ತವೆ. ಮೇಲಾಗಿ ಹೊಗೆ ಇಲ್ಲ. ಸೌದೆ ಒಲೆಯ ಮುಂದೆ ನಲವತ್ತು ವರ್ಷ ಊದುಗೊಳವೆ ಹಿಡಿದ ತಾಯಂದಿರ ಎದೆಯೊಳಗೆ ಏನು ತುಂಬಿರುತ್ತದೆಂದು ಹತ್ತಿ ಗಿರಣಿಯ ಬ್ಲೋರೂಮಿನಲ್ಲಿ ದುಡಿದ ನಿಮಗೆ ವೈದ್ಯರು ಬಂದು ಹೇಳಬೇಕಾಗಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಎಂಬ ವಿಜ್ಞಾನಿಯಿದ್ದರು. ೨೦೦೬ರಲ್ಲಿ ತೀರಿಕೊಂಡರು. ಹಳ್ಳಿಯ ಅಗತ್ಯಕ್ಕೆ ವಿಜ್ಞಾನವನ್ನು ಬಗ್ಗಿಸಬೇಕೆಂದು ೧೯೭೪ರಲ್ಲಿ ಆ ಸಂಸ್ಥೆಯೊಳಗೇ ‘ಅಸ್ತ್ರ’ ಎಂಬ ಕೂಟ ಕಟ್ಟಿದವರು ಅವರು. ಆ ದಶಕದಲ್ಲಿ ಅವರೂ ಅವರ ಸಂಗಡಿಗರೂ ಒಂದು ಲೆಕ್ಕ ಮಾಡಿದರು. ವರ್ಷಕ್ಕೆ ೨ ಲಕ್ಷ ೩೦ ಸಾವಿರ ಟನ್ ಸಾರಜನಕ ಕೊಡುವ ಕಲ್ಲಿದ್ದಲಿನ ಗೊಬ್ಬರ ಕಾರ್ಖಾನೆ ಒಂದು ಕಡೆ. ಅಷ್ಟೇ ಸಾರಜನಕ ಕೊಡುವ ಸುಮಾರು ೨೬ ಸಾವಿರ ಗೋಬರ್ ಗ್ಯಾಸ್ ತೊಟ್ಟಿಗಳು ಇನ್ನೊಂದು ಕಡೆ. ಬಂಡವಾಳ ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ಕಾರ್ಖಾನೆ ಶಕ್ತಿಯನ್ನು ತಿನ್ನುತ್ತದೆ, ತೊಟ್ಟಿಗಳು ಶಕ್ತಿಯನ್ನು ಕೊಡುತ್ತವೆ. ಕಾರ್ಖಾನೆಯಲ್ಲಿ ಸಾವಿರ ಜನಕ್ಕೆ ಕೆಲಸ, ತೊಟ್ಟಿಗಳಲ್ಲಿ ೧ ಲಕ್ಷ ೩೦ ಸಾವಿರ ಜನಕ್ಕೆ. ಕಾಗದದ ಮೇಲಿನ ಲೆಕ್ಕ, ನಿಜ. ಆದರೆ ಭಾಗಿಸಿ ನೋಡಿ, ತಮಾಷೆ ಗೊತ್ತಾಗುತ್ತದೆ: ಒಂದೊಂದು ತೊಟ್ಟಿಗೂ ಐದೈದು ಜನ ಕೂಲಿಯವರನ್ನು ಹಿಡಿದಿದ್ದಾರೆ. ಆಮೇಲೆ ಬಂದ ಸರ್ಕಾರಿ ಯೋಜನೆಗಳು ತೊಟ್ಟಿಯನ್ನು ಉಳಿಸಿಕೊಂಡವು, ಆ ಐದು ಜನರನ್ನು ಬಿಟ್ಟುಬಿಟ್ಟವು. ಪರಿಸರದ ಲೆಕ್ಕ ತಪ್ಪಿದ್ದು ಅಲ್ಲಿಂದ ಎಂದು ನನ್ನ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

ಮೀಥೇನ್ ಉರಿದರೆ ಒಳ್ಳೆಯದು, ಸೋರಿದರೆ ಕೇಡು. ಉರಿದಾಗ ಬರುವ ಇಂಗಾಲದ ಡೈಆಕ್ಸೈಡು ಹೋದ ಮಳೆಗಾಲದ ಹುಲ್ಲು ಗಾಳಿಯಿಂದ ಎಳೆದುಕೊಂಡದ್ದೇ. ಮುಂದಿನ ಮಳೆಗಾಲದ ಹುಲ್ಲು ಅದನ್ನು ಮತ್ತೆ ಎಳೆದುಕೊಳ್ಳುತ್ತದೆ. ಸಾಲ ತಂದು ತೀರಿಸಿದ ಹಾಗೆ. ಆದರೆ ಉರಿಯದೆ ಹಾಗೇ ಆಕಾಶಕ್ಕೆ ಹೋದ ಒಂದು ಕಿಲೋ ಮೀಥೇನ್, ನೂರು ವರ್ಷದ ಲೆಕ್ಕದಲ್ಲಿ ೨೮ ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. ಇಪ್ಪತ್ತು ವರ್ಷದ ಗಡುವಿನಲ್ಲಿ ನೋಡಿದರೆ ೮೦ ಕಿಲೋದಷ್ಟು.

ಈಗ ಅಂಗಡಿಯ ಕೀರ್ದಿ ಪುಸ್ತಕ ತೆಗೆಯಿರಿ. ತೊಟ್ಟಿಯಲ್ಲಿ ಹತ್ತು ಕಿಲೋ ಮೀಥೇನ್ ತಯಾರಾಯಿತೆನ್ನಿ. ಒಂದು ಕಿಲೋ ಮೀಥೇನ್ ಒಂದು ಕಿಲೋಗಿಂತ ತುಸು ಹೆಚ್ಚು ಸಿಲಿಂಡರ್ ಗ್ಯಾಸಿನ ಕೆಲಸ ಮಾಡುತ್ತದೆ, ಅಂದರೆ ಸಿಲಿಂಡರಿನಿಂದ ಏರುತ್ತಿದ್ದ ಮೂರು ಕಿಲೋ ಚಿಲ್ಲರೆ ಇಂಗಾಲದ ಡೈಆಕ್ಸೈಡನ್ನು ಉಳಿಸುತ್ತದೆ. ಹತ್ತರಲ್ಲಿ ಒಂಬತ್ತು ಕಿಲೋ ಒಲೆಯಲ್ಲಿ ಉರಿದು, ಒಂದು ಕಿಲೋ ಎಲ್ಲೋ ಸೋರಿತೆಂದು ಇಟ್ಟುಕೊಳ್ಳಿ. ಉರಿದ ಒಂಬತ್ತು ಕಿಲೋ ಉಳಿಸಿದ್ದು ೨೯. ಸೋರಿದ ಒಂದು ಕಿಲೋ ಕೆಡಿಸಿದ್ದು ೨೮. ಲಾಭ ಒಂದು! ದಿನವಿಡೀ ಸಗಣಿ ಹೊತ್ತು, ಕಲಸಿ, ಕೈ ತೊಳೆದು, ಕೊನೆಗೆ ಗಲ್ಲದಲ್ಲಿ ಉಳಿದದ್ದು ಒಂದು. ಇಪ್ಪತ್ತು ವರ್ಷದ ಗಡುವಿನಲ್ಲಿ ನೋಡಿದರೆ ನೂರಕ್ಕೆ ನಾಲ್ಕು ಸೋರಿದರೂ ಲಾಭವೆಲ್ಲ ಕರಗಿತು. ಚಿನಿವಾರರು ತೇಮಾನು ಎನ್ನುತ್ತಾರಲ್ಲ, ಅದೇ. ಚಿನ್ನದ ತೇಮಾನು ಗಿರಾಕಿಯ ತಲೆಗೆ. ಈ ತೇಮಾನು ಎಲ್ಲರ ತಲೆಗೆ.

ಗ್ಯಾಸು ಎಲ್ಲಿ ಸೋರುತ್ತದೆ? ತೇಲುವ ಡ್ರಮ್ಮಿನ ಮಾದರಿಯಲ್ಲಿ ಡ್ರಮ್ಮಿಗೂ ಗೋಡೆಗೂ ನಡುವಣ ಸಂದಿನಲ್ಲಿ. ಗುಮ್ಮಟದ ಮಾದರಿಯಲ್ಲಿ ಗಾರೆಯ ಬಿರುಕಿನಲ್ಲಿ, ಬಗ್ಗಡ ಹೊರಬರುವ ತೆರೆದ ಬಾಯಲ್ಲಿ. ರಬ್ಬರು ಕೊಳವೆಯಲ್ಲಿ, ಸವೆದ ವಾಲ್ವಿನಲ್ಲಿ. ಮನೆಯವರೆಲ್ಲ ಜಾತ್ರೆಗೆಂದು ನಾಲ್ಕು ದಿನ ಊರು ಬಿಟ್ಟರು, ಒಲೆ ಹಚ್ಚುವವರಿಲ್ಲ. ಜೀವಾಣುಗಳಿಗೆ ಜಾತ್ರೆಯಿಲ್ಲ, ಅವು ಗ್ಯಾಸು ಬಿಡುತ್ತಲೇ ಇರುತ್ತವೆ. ಗುಮ್ಮಟ ತುಂಬಿದ ಮೇಲೆ ಹೆಚ್ಚಾದದ್ದು ಬಗ್ಗಡದ ಬಾಯಿಂದ ಗುಳುಗುಳು ಎಂದು ಹೊರಗೆ ಹೋಗುತ್ತದೆ. ಡೆನ್ಮಾರ್ಕಿನಲ್ಲಿ ದೊಡ್ಡ ಘಟಕಗಳ ಸುತ್ತ ಯಂತ್ರ ಇಟ್ಟು ಅಳೆದಿದ್ದಾರೆ. ಅಲ್ಲಿ ಸರಾಸರಿ ನೂರಕ್ಕೆ ಎರಡು ಮೂರು ಪಾಲು ಸೋರುತ್ತದೆ, ಕೆಲವು ಕಡೆ ಅದಕ್ಕಿಂತ ಬಹಳ ಹೆಚ್ಚು. ನಮ್ಮ ಕಡೆ ಅಳೆಯುವವರು ಯಾರು? ಇಂಗಾಲದ ವ್ಯಾಪಾರಕ್ಕೆ ವಿಶ್ವಸಂಸ್ಥೆ ಮಾಡಿದ ನಿಯಮಗಳಲ್ಲಿ ಸಗಣಿ ತೊಟ್ಟಿಗೆ ನೂರಕ್ಕೆ ಹತ್ತು ಸೋರಿತೆಂದು ಅಂದಾಜು ಹಿಡಿಯುವ ಪದ್ಧತಿ ಇತ್ತು. ಆ ಹತ್ತು ಏನು ಮಾಡುತ್ತದೆಂದು ಈಗ ತಾನೆ ನೋಡಿದಿರಿ.

ಹಾಗಾದರೆ ಗೋಬರ್ ಗ್ಯಾಸು ಮೋಸವೇ ಎಂದು ಯಾರಾದರೂ ಕೇಳಬಹುದು. ತಡೆಯಿರಿ, ಇನ್ನೊಂದು ಖಾತೆ ಇದೆ. ತೊಟ್ಟಿಗೆ ಹೋಗದಿದ್ದರೆ ಆ ಸಗಣಿ ಎಲ್ಲಿಗೆ ಹೋಗುತ್ತಿತ್ತು? ಐ.ಪಿ.ಸಿ.ಸಿ. ಎಂಬ ಸರ್ಕಾರಗಳ ಹವಾಮಾನ ಸಮಿತಿ ೨೦೦೬ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಇದರ ಪಟ್ಟಿಯೇ ಇದೆ. ಬಿಸಿ ದೇಶದಲ್ಲಿ ಸಗಣಿಯನ್ನು ನೀರಿನಲ್ಲಿ ತೊಳೆದು ಹೊಂಡದಲ್ಲಿ ನಿಲ್ಲಿಸಿದರೆ, ಅದರಿಂದ ಬರಬಹುದಾದ ಮೀಥೇನಿನಲ್ಲಿ ನೂರಕ್ಕೆ ಎಂಬತ್ತರ ಹತ್ತಿರ ಗಾಳಿಗೆ ಹೋಗುತ್ತದೆ. ಗಟ್ಟಿಯಾಗಿ ಗುಡ್ಡೆ ಹಾಕಿದರೆ ನೂರಕ್ಕೆ ಐದು. ಬೆರಣಿಯಾಗಿ ಸುಟ್ಟರೆ ಹತ್ತು. ಅಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿಯಲ್ಲಿ ಸಗಣಿ ಎತ್ತಿ ತಿಪ್ಪೆಗೆ ಹಾಕುವ ನಮ್ಮ ಹೆಂಗಸು ಆಕಾಶಕ್ಕೆ ಮಾಡುವ ಕೇಡು ಅತ್ಯಲ್ಪ. ಅವಳ ತಿಪ್ಪೆಯ ಬದಲು ತೊಟ್ಟಿ ಕಟ್ಟಿದರೆ ಮೀಥೇನಿನ ಖಾತೆಯಲ್ಲಿ ಉಳಿತಾಯ ಸ್ವಲ್ಪವೇ. ನಿಜವಾದ ಉಳಿತಾಯ ಸೌದೆ, ಸೀಮೆಎಣ್ಣೆ, ಸಿಲಿಂಡರಿನ ಖಾತೆಯಲ್ಲಿ, ಅವಳ ಶ್ವಾಸದ ಖಾತೆಯಲ್ಲಿ.

ಹೊಂಡದ ಕಥೆ ಬೇರೆ. ಅದಕ್ಕೆ ಕ್ಯಾಲಿಫೋರ್ನಿಯಕ್ಕೆ ಹೋಗಬೇಕು. ಅಲ್ಲಿ ಒಂದೊಂದು ಹಾಲಿನ ಕಂಪನಿಯ ಕೊಟ್ಟಿಗೆಯಲ್ಲಿ ಸಾವಿರಗಟ್ಟಲೆ ಹಸು. ಬುಟ್ಟಿಯಲ್ಲಿ ಎತ್ತುವವರಿಲ್ಲ, ನೀರು ಬಿಟ್ಟು ತೊಳೆದು ಕೆರೆಯಂಥ ಹೊಂಡಕ್ಕೆ ಹರಿಸುತ್ತಾರೆ. ಆ ಹೊಂಡಗಳಿಂದ ಮೀಥೇನ್ ಮೇಘದಂತೆ ಏಳುತ್ತದೆ. ಪಶುಗಳಿಂದ ಬರುವ ಮೀಥೇನನ್ನು ೨೦೧೩ರ ಮಟ್ಟದಿಂದ ೨೦೩೦ರೊಳಗೆ ನೂರಕ್ಕೆ ನಲವತ್ತು ಇಳಿಸಬೇಕೆಂದು ಆ ರಾಜ್ಯ ೨೦೧೬ರಲ್ಲಿ ಕಾಯಿದೆ ಮಾಡಿತು. ಹೊಂಡದ ಮೇಲೆ ಪ್ಲಾಸ್ಟಿಕ್ ಹೊದಿಸಿ ಗ್ಯಾಸು ಹಿಡಿದು ಕೊಳವೆಗೆ ಬಿಟ್ಟವರಿಗೆ ವಾಹನ ಇಂಧನದ ನಿಯಮದಲ್ಲಿ ದೊಡ್ಡ ಜಮೆ ಸಿಕ್ಕಿತು. ಎಷ್ಟು ದೊಡ್ಡದೆಂದರೆ, ಆ ಗ್ಯಾಸು ಉರಿಸಿದಷ್ಟೂ ಆಕಾಶ ಶುದ್ಧವಾಗುತ್ತದೆ ಎಂಬಂತೆ, ಸೊನ್ನೆಗಿಂತ ಕೆಳಗಿನ ಅಂಕಿ ಕೊಟ್ಟರು. ಹೊಂಡ ಮುಚ್ಚಿದ್ದು ಒಳ್ಳೆಯದೇ. ಎಂಬತ್ತು ಏರುತ್ತಿದ್ದಲ್ಲಿ ಕೆಲವೇ ಪಾಲು ಏರಿದರೆ ಅದು ನಿಜವಾದ ಲಾಭ, ನಾನು ಅಲ್ಲಗಳೆಯುವುದಿಲ್ಲ. ಆದರೆ ಹೊಂಡ ತೋಡಿದವರು ಯಾರು? ಹಸುಗಳನ್ನು ಹುಲ್ಲುಗಾವಲಿನಲ್ಲಿ ಬಿಟ್ಟು ಸಾಕಿದ ಸಣ್ಣ ರೈತನ ಹತ್ತಿರ ಹೊಂಡವೇ ಇಲ್ಲ, ಆದುದರಿಂದ ಅವನಿಗೆ ಜಮೆಯೂ ಇಲ್ಲ. ಬೀದಿಯಲ್ಲಿ ಕಸ ಚೆಲ್ಲಿ ಆಮೇಲೆ ಗುಡಿಸಿದವನಿಗೆ ಬಹುಮಾನ, ಚೆಲ್ಲದೆ ಇದ್ದವನಿಗೆ ಏನೂ ಇಲ್ಲ! ಹೊಂಡದ ನೆರೆಯಲ್ಲಿ ವಾಸಿಸುವ ಬಡವರು ವಾಸನೆಯ ಬಗ್ಗೆ, ಬಾವಿಯ ನೀರಿಗೆ ನೈಟ್ರೇಟ್ ಇಳಿಯುವುದರ ಬಗ್ಗೆ ದೂರು ಹೇಳುತ್ತ ಬಂದಿದ್ದಾರೆ. ಪ್ಲಾಸ್ಟಿಕ್ ಹೊದಿಸಿದ ಮಾತ್ರಕ್ಕೆ ಸಾರಜನಕ ಎಲ್ಲಿಗೂ ಹೋಗುವುದಿಲ್ಲ. ಅಲ್ಲಿಯ ಸೊನ್ನೆಗಿಂತ ಕೆಳಗಿನ ಅಂಕಿಯನ್ನು ಇಲ್ಲಿಗೆ ತಂದು, ನಮ್ಮ ಗೋಬರ್ ಗ್ಯಾಸೂ ಹೀಗೆಯೇ ಎಂದು ತೋರಿಸುವವರು ಬಂದರೆ, ಸ್ವಾಮಿ, ನಮ್ಮಲ್ಲಿ ಹೊಂಡ ಎಲ್ಲಿದೆ ಎಂದು ಕೇಳಿ.

ನಮ್ಮಲ್ಲೇ ಆದ ಒಂದು ಕೆಲಸ ಹೇಳುತ್ತೇನೆ. ಇದಕ್ಕೆ ಸ್ವಲ್ಪ ಹೊತ್ತು ಕೊಡಿ, ಏಕೆಂದರೆ ನಾನು ಹೇಳಬೇಕೆಂದಿರುವುದೆಲ್ಲ ಇದರಲ್ಲೇ ಇದೆ.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬ ಹಳ್ಳಿ. ರೆಡ್ಡಿಯವರ ‘ಅಸ್ತ್ರ’ದವರು ೧೯೭೦ರ ದಶಕದಲ್ಲಿ ಆ ಸುತ್ತಿನ ಹಳ್ಳಿಗಳಲ್ಲಿ ಯಾರು ಎಷ್ಟು ಸೌದೆ ಹೊರುತ್ತಾರೆ, ಎಷ್ಟು ಹೊತ್ತು ನೀರು ಸೇದುತ್ತಾರೆ ಎಂದು ಮನೆಮನೆಗೆ ಹೋಗಿ ಲೆಕ್ಕ ಬರೆದರು. ಆ ಕಡೆ ಬೆರಣಿ ಸುಡುವ ವಾಡಿಕೆಯಿಲ್ಲ. ಸಗಣಿಯೆಲ್ಲ ತಿಪ್ಪೆಗೆ, ಒಲೆಗೆ ಸೌದೆ, ಪುಳ್ಳೆ. ಮೊದಲು ಊರಿಗೆಲ್ಲ ಒಂದೇ ದೊಡ್ಡ ತೊಟ್ಟಿ ಕಟ್ಟಿ ಅಡುಗೆಗೆ ಗ್ಯಾಸು ಕೊಡುವ ಯೋಚನೆ ಮಾಡಿದರು. ಅದು ಕೈಗೂಡಲಿಲ್ಲ. ಲೆಕ್ಕ ನೋಡಿ: ಆ ತೊಟ್ಟಿಗಳು ದಿನಕ್ಕೆ ಒಂದೂಕಾಲು ಟನ್ ಸಗಣಿ ತಿಂದು, ಬಹಳವೆಂದರೆ ೪೨ ಘನ ಮೀಟರ್ ಚಿಲ್ಲರೆ ಗ್ಯಾಸು ಕೊಡತಕ್ಕವು. ಊರಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಜನ. ತಲೆಗೆ ದಿನಕ್ಕೆ ಕಾಲು ಘನ ಮೀಟರ್ ಎಂದರೂ ನೂರು ದಾಟುತ್ತದೆ. ಇದ್ದ ದನಗಳ ಸಗಣಿಯಲ್ಲಿ ಊರ ಅಡುಗೆಯಾಗುವಂತಿರಲಿಲ್ಲ. ಮೇಲಾಗಿ ಊರಿನವರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು.

೧೯೮೭ರಲ್ಲಿ ದಾರಿ ಬದಲಿಸಿದರು. ಅದೇ ಗ್ಯಾಸನ್ನು ಸ್ವಲ್ಪ ಡೀಸೆಲ್ಲಿನ ಜೊತೆ ಏಳು ಅಶ್ವಶಕ್ತಿಯ ಎಂಜಿನ್ನಿಗೆ ಕೊಟ್ಟು ವಿದ್ಯುತ್ತು ತೆಗೆದರು. ಕೊಳವೆ ಬಾವಿಯ ನೀರು ಬೀದಿ ನಲ್ಲಿಗೆ ಬಂತು, ಮನೆಗಳಿಗೆ ದೀಪ ಬಂತು. ಸಗಣಿ ತಂದು ಹಾಕಿದವರಿಗೆ ಬಗ್ಗಡವನ್ನು ಮರಳಿ ಕೊಡುತ್ತಿದ್ದರು, ಮರಳಿನ ಹಾಸಿನ ಮೇಲೆ ಸೋಸಿ ಹೊರಲು ಅನುಕೂಲವಾಗುವಂತೆ ಮಾಡಿ. ಅದಲ್ಲದೆ ತಂದ ಕಿಲೋಗೆ ಎರಡು ಪೈಸೆ ಕೂಲಿ. ಸಗಣಿಯ ಬೆಲೆಯಲ್ಲ, ತಂದ ಕೂಲಿ! ಸಗಣಿ ಅವರದೇ, ಗೊಬ್ಬರವಾಗಿ ಅವರಿಗೇ ಹಿಂದಕ್ಕೆ ಹೋಗುತ್ತಿತ್ತು. ಊರಿನ ಇಬ್ಬರು ಹುಡುಗರಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು, ತೊಟ್ಟಿಯನ್ನೂ ಎಂಜಿನ್ನನ್ನೂ ಅವರ ಕೈಗೆ ಒಪ್ಪಿಸಿದರು. ಸಗಣಿ ತೂಗುವುದು, ಕಲಸುವುದು, ಎಂಜಿನ್ ನಡೆಸುವುದು, ಕೆಟ್ಟದ್ದನ್ನು ನೋಡುವುದು ಎಲ್ಲ ಅವರದು. ಸಾರ್ವಜನಿಕ ಆಸ್ತಿ ಹಾಳಾಗಿಯೇ ಹಾಳಾಗುತ್ತದೆ ಎಂದು ಪಾಠ ಹೇಳುವ ಅರ್ಥಶಾಸ್ತ್ರಿಗಳಿಗೆ ಉತ್ತರವಾಗಿ ರೆಡ್ಡಿಯವರು ಪುರದ ಅನುಭವವನ್ನು ಸಾಮೂಹಿಕ ಆಸ್ತಿಯ ವರವೆಂದು ಕರೆದರು.

ಈಗ ಪರಿಸರದ ಪುಸ್ತಕದಲ್ಲಿ ಇದನ್ನು ಬರೆಯಿರಿ. ಸಗಣಿ ದಿನದಿನದ್ದು ಅಂದಂದೇ ತೊಟ್ಟಿಗೆ. ಗ್ಯಾಸು ಅಂದಂದೇ ಎಂಜಿನ್ನಿಗೆ, ಉಕ್ಕಿ ಹೋಗಲು ಬಿಡುವುದಿಲ್ಲ, ಏಕೆಂದರೆ ಗ್ಯಾಸು ಕಡಿಮೆಯಾದರೆ ನೀರು ಕಡಿಮೆಯಾಗಿ ಊರೇ ಬಂದು ಕೇಳುತ್ತದೆ. ಸೋರಿಕೆ ಕಂಡರೆ ಸರಿಪಡಿಸಲು ಸಂಬಳದ ಜನ ಇದ್ದಾರೆ. ಬಗ್ಗಡ ಹೊಲಕ್ಕೆ. ಇದಕ್ಕೆಲ್ಲ ಯಂತ್ರ ಬೇಕಾಗಲಿಲ್ಲ. ಕಿಲೋಗೆ ಎರಡು ಪೈಸೆ, ಇಬ್ಬರ ಸಂಬಳ ಬೇಕಾಯಿತು. ಬಾಯ್ಲರಿನ ಮುಂದೆ ನಿಂತ ನಿಮಗೆ ಗೊತ್ತು: ಎಷ್ಟೇ ಒಳ್ಳೆಯ ಬಾಯ್ಲರಾಗಲಿ, ಫೈರ್‌ಮನ್ ಇಲ್ಲದ ಪಾಳಿಯಲ್ಲಿ ಅದು ಕಲ್ಲಿದ್ದಲು ತಿನ್ನುತ್ತದೆ, ಉಗಿ ಕೊಡುವುದಿಲ್ಲ. ಮನೆ ತೊಟ್ಟಿಗೆ ಸರ್ಕಾರ ಕೊಡುತ್ತ ಬಂದ ಸಹಾಯಧನದ ಬಹುಪಾಲು ಕಟ್ಟುವುದಕ್ಕೆ. ಐದು ವರ್ಷ ನೋಡಿಕೊಳ್ಳಲೆಂದು ಕಟ್ಟಿದವನಿಗೆ ಒಂದಿಷ್ಟು ಶುಲ್ಕ ಸೇರಿಸಿದ್ದುಂಟು. ಇಟ್ಟಿಗೆ ಎಣಿಸಲು ಬಂದ ಅಧಿಕಾರಿ ಸೋರಿಕೆ ಎಣಿಸಲು ಬರುವುದಿಲ್ಲ. ಬಿರುಕು ಬಿಟ್ಟ ಗುಮ್ಮಟದಲ್ಲಿ ಒಲೆಗೆ ಸಾಲದಷ್ಟು ಗ್ಯಾಸು ಬಂದಾಗ ಮನೆಯಾಕೆ ಮತ್ತೆ ಸೌದೆಗೆ ಹೋಗುತ್ತಾಳೆ. ತೊಟ್ಟಿಯಲ್ಲಿ ಉಳಿದ ಸಗಣಿ ಮಾತ್ರ ಗಾಳಿಗೆ ಮೀಥೇನ್ ಬಿಡುತ್ತ ಕೂತಿರುತ್ತದೆ. ಹೀಗೆ ನಿಂತುಹೋದ ತೊಟ್ಟಿ ಕಟ್ಟದೆ ಇದ್ದ ತೊಟ್ಟಿಗಿಂತ ಕೆಟ್ಟದ್ದು.

ಇನ್ನೊಂದು ಉದಾಹರಣೆ ಬಾಗೇಪಲ್ಲಿಯ ಕೂಲಿಕಾರರದು. ಅಲ್ಲಿಯ ಕೂಲಿ ಸಂಘದವರು, ಆಗಿನ ಕೋಲಾರ ಜಿಲ್ಲೆಯ ಐದು ತಾಲ್ಲೂಕುಗಳಲ್ಲಿ ೫,೫೦೦ ಮನೆ ತೊಟ್ಟಿಗಳ ಯೋಜನೆ ಹಾಕಿ ೨೦೦೫ರಲ್ಲಿ ವಿಶ್ವಸಂಸ್ಥೆಯ ಇಂಗಾಲ ಯೋಜನೆಯಲ್ಲಿ ನೋಂದಾಯಿಸಿದರು. ಒಂದೊಂದೂ ಎರಡು ಘನ ಮೀಟರಿನದು. ಸೌದೆ, ಸೀಮೆಎಣ್ಣೆ ಉಳಿದದ್ದಕ್ಕೆ ತೊಟ್ಟಿಯೊಂದಕ್ಕೆ ವರ್ಷಕ್ಕೆ ಸುಮಾರು ಮೂರೂವರೆ ಟನ್ ಇಂಗಾಲದ ಡೈಆಕ್ಸೈಡಿನ ಜಮೆ. ಅದನ್ನು ಹೊರದೇಶಕ್ಕೆ ಮಾರಿ ಖರ್ಚು ತುಂಬಿಸುವ ಏರ್ಪಾಡು. ಶ್ರೀಮಂತ ದೇಶದವರು ತಮ್ಮ ಹೊಗೆಗೆ ಬಾಗೇಪಲ್ಲಿಯ ಕೂಲಿ ಹೆಂಗಸಿನ ಒಲೆಯಿಂದ ಮಾಫಿ ಪತ್ರ ಕೊಳ್ಳುವುದು ನನಗೆ ಒಗ್ಗದ ವ್ಯಾಪಾರ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಒಂದು ಗುಣ ಒಪ್ಪಬೇಕು. ಜಮೆ ಮಾರಬೇಕಾದರೆ ತೊಟ್ಟಿ ನಡೆಯುತ್ತಿದೆಯೆ ಇಲ್ಲವೆ ಎಂಬ ಲೆಕ್ಕ ಇಡಲೇಬೇಕು. ಹಣ ಕಟ್ಟಿದ್ದಕ್ಕೆ ಬರುವುದಿಲ್ಲ, ನಡೆದದ್ದಕ್ಕೆ ಬರುತ್ತದೆ. ಈ ಬುದ್ಧಿ ನಮ್ಮ ಖಜಾನೆಗೆ ಬರಬೇಡವೆಂದು ಯಾರು ತಡೆದಿದ್ದಾರೆ?

ಸಗಣಿ ಯಾರದು ಎಂಬುದಕ್ಕೂ ಬರಬೇಕು. ಎರಡು ಘನ ಮೀಟರಿನ ತೊಟ್ಟಿಗೆ ದಿನಕ್ಕೆ ಐವತ್ತು ಕಿಲೋ ಸಗಣಿ, ಅಂದರೆ ನಾಲ್ಕೈದು ರಾಸು. ಇಷ್ಟು ಇದ್ದವನಿಗೆ ಸಹಾಯಧನ ದಕ್ಕಿತು. ದನವಿಲ್ಲದ ಹೆಂಗಸು ಬೀದಿಯಲ್ಲಿ, ಗೋಮಾಳದಲ್ಲಿ ಬಿದ್ದದ್ದನ್ನು ಆರಿಸಿ ಒಲೆ ಉರಿಸುತ್ತಿದ್ದಳು. ಸಗಣಿಗೆ ಬೆಲೆ ಬಂದ ದಿನ ಅದು ಬೀದಿಯಲ್ಲಿ ಬೀಳುವುದಿಲ್ಲ. ರೆಡ್ಡಿಯವರೂ ಅವರ ಸಂಗಡಿಗರೂ ೧೯೭೪ರಲ್ಲಿ ಗೋಬರ್ ಗ್ಯಾಸಿನ ಮೇಲೆ ಬರೆದಾಗಲೇ ಈ ಸಾಮಾಜಿಕ ತೊಡಕುಗಳು ಚರ್ಚೆಗೆ ಬಂದಿದ್ದವು. ಛತ್ತೀಸಗಢದ ಸರ್ಕಾರ ೨೦೨೦ರ ಜುಲೈಯಲ್ಲಿ ಕಿಲೋಗೆ ಎರಡು ರೂಪಾಯಿಯಂತೆ ಸಗಣಿ ಕೊಳ್ಳಲು ಶುರು ಮಾಡಿದಾಗ, ದನವಿಲ್ಲದವರೂ ಆರಿಸಿ ತಂದು ಮಾರುವ ಅವಕಾಶ ಇತ್ತು. ಅದು ಒಂದು ದಾರಿ. ಕಂಪನಿಯ ಲಾರಿ ದೊಡ್ಡ ಕೊಟ್ಟಿಗೆಗಳ ಬಾಗಿಲಿಗೆ ಮಾತ್ರ ಬಂದು ನಿಂತರೆ ಆ ಅವಕಾಶವೂ ಇರುವುದಿಲ್ಲ.

ದೊಡ್ಡ ಘಟಕದ ಮಾತು ಬಂತು. ದಿನಕ್ಕೆ ನೂರು ಟನ್ ಸಗಣಿ ತರಿಸುವ ಘಟಕ ಊರ ಪಕ್ಕದಲ್ಲಿ ಬಂತೆನ್ನಿ. ಅದನ್ನು ಶುದ್ಧಿ ಮಾಡಿ ಸಿಲಿಂಡರಿಗೆ ತುಂಬಿದರೆ ಸಿಗುವ ಮೀಥೇನ್ ಎರಡು ಟನ್ನೂ ಇಲ್ಲ. ಬಗ್ಗಡ ಮಾತ್ರ, ಕಲಸಿದ ನೀರೂ ಸೇರಿ, ಇನ್ನೂರು ಟನ್ನಿನ ಹತ್ತಿರ. ನೀರು ಹಿಂಡಿ ಮತ್ತೆ ಬಳಸಿದರೂ ದಿನದಿನವೂ ಲಾರಿಗಟ್ಟಲೆ ಉಳಿಯುತ್ತದೆ. ಹತ್ತು ಹಳ್ಳಿಯ ಹೊಲಕ್ಕೆ ಹಂಚಿ ಹೋಗುತ್ತಿದ್ದ ಸಾರಜನಕ ಒಂದೇ ಅಂಗಳದಲ್ಲಿ ನಿಂತಿತು. ತೊಟ್ಟಿಯಿಂದ ಬಂದ ಬಗ್ಗಡದಲ್ಲಿ ಸಾರಜನಕದ ಹೆಚ್ಚು ಪಾಲು ಅಮೋನಿಯದ ರೂಪದಲ್ಲಿರುತ್ತದೆ. ಬೆಳೆಗೆ ಬೇಗ ಸಿಗುವುದಕ್ಕೆ ಅದೇ ಕಾರಣ, ಬಿಸಿಲಿಗೆ ಬಿಟ್ಟರೆ ಬೇಗ ಹಾರಿಹೋಗುವುದಕ್ಕೂ ಅದೇ ಕಾರಣ. ಮಣ್ಣಿಗೆ ಕೂಡಲೇ ಬೆರೆಸಿದರೆ ಚಿನ್ನ. ತೆರೆದ ಹೊಂಡದಲ್ಲಿ ನಿಲ್ಲಿಸಿದರೆ ಮೂಗಿಗೆ ಅಮೋನಿಯ, ಬಾವಿಗೆ ನೈಟ್ರೇಟ್, ಮೇಲೆ ಉಳಿದುಬಳಿದ ಮೀಥೇನ್. ಕ್ಯಾಲಿಫೋರ್ನಿಯದ ಹೊಂಡವನ್ನು ನಾವೇ ಹೊಸದಾಗಿ ತೋಡಿಕೊಂಡ ಹಾಗೆ.

ಆದುದರಿಂದ ಅಂಥ ಘಟಕ ನಿಮ್ಮ ಊರ ಬಳಿ ಬರುವುದಾದರೆ ಬೇಡವೆಂದು ಕೂಗಬೇಡಿ, ಜೈಕಾರವನ್ನೂ ಹಾಕಬೇಡಿ. ಸಗಣಿ ಎಷ್ಟು ದೂರದಿಂದ ಬರುತ್ತದೆ, ಬಗ್ಗಡ ಹೋಗಲು ಯಾರ ಹೊಲ ಗೊತ್ತಾಗಿದೆ, ಅದರ ಹೊಂಡಕ್ಕೆ ಮುಚ್ಚಳವಿದೆಯೆ, ಎಂಜಿನ್ ನಿಂತ ದಿನ ಗ್ಯಾಸನ್ನು ಸುಡುವ ಕೊಳವೆ ಇದೆಯೆ, ಸೋರಿಕೆಯನ್ನು ವರ್ಷಕ್ಕೆ ಎಷ್ಟು ಸಲ ಅಳೆಯುತ್ತಾರೆ, ಅಳೆದದ್ದನ್ನು ಪುರಸಭೆಯ ಹಲಗೆಗೆ ಅಂಟಿಸುತ್ತಾರೆಯೆ ಎಂದು ಕೇಳಿ. ಅಲ್ಲಿ ದುಡಿಯುವವರು ಖಾಯಂ ನೌಕರರೊ ಗುತ್ತಿಗೆಯವರೊ ಎಂಬುದನ್ನು ಬೇರೆ ಕಾಗದದಲ್ಲಿ ಬರೆಯಬೇಡಿ, ಇದೇ ಪಟ್ಟಿಯಲ್ಲಿ ಸೇರಿಸಿ. ಮೂರು ತಿಂಗಳಿಗೊಮ್ಮೆ ಬದಲಾಗುವ ಗುತ್ತಿಗೆ ಹುಡುಗನಿಗೆ ಯಾವ ವಾಲ್ವು ಎಲ್ಲಿ ಸೋರುತ್ತದೆಂದು ಹೇಗೆ ತಿಳಿಯಬೇಕು? ಪ್ರಾಣದ ಮಾತೂ ಇದೆ. ಖಾಲಿ ಮಾಡಿದ ತೊಟ್ಟಿಯೊಳಗೆ ಗಂಧಕದ ಗ್ಯಾಸೂ ಇಂಗಾಲದ ಡೈಆಕ್ಸೈಡೂ ತಳದಲ್ಲಿ ಕೂತಿರುತ್ತವೆ. ತೊಳೆಯಲು ಇಳಿದವನು ಕೂಗುವ ಮೊದಲೇ ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಗಾಳಿ ಊದಿಸದೆ, ಪರೀಕ್ಷೆ ಮಾಡದೆ, ಮೇಲೆ ಹಗ್ಗ ಹಿಡಿದು ಒಬ್ಬ ನಿಲ್ಲದೆ ಯಾರೂ ತೊಟ್ಟಿಗೆ ಇಳಿಯಕೂಡದು. ಇಳಿಸಿದ ಯಜಮಾನ ಎಂಥ ಪರಿಸರ ಸ್ನೇಹಿಯಾದರೂ ಸರಿ, ಅದು ಕೊಲೆಗೆ ಸಮ.

ಇಲ್ಲಿ ಒಬ್ಬ ಹೋಟೆಲಿನವರು ಚೀಟಿ ಕಳಿಸಿದ್ದಾರೆ: ದಿನಾ ಉಳಿಯುವ ಅನ್ನ, ತರಕಾರಿ ಸಿಪ್ಪೆಯಿಂದ ಗ್ಯಾಸು ಮಾಡಬಹುದೆ, ಸಗಣಿಯೇ ಬೇಕೆ? ಧಾರಾಳವಾಗಿ ಮಾಡಬಹುದು. ಕಿಲೋಗೆ ಕಿಲೋ ಹೋಲಿಸಿದರೆ ಅದರಿಂದ ಸಗಣಿಗಿಂತ ಎಷ್ಟೋ ಪಟ್ಟು ಗ್ಯಾಸು ಬರುತ್ತದೆ. ಕಾರಣ ಸುಲಭ: ಹಸು ತಿಂದು, ಮೆಲುಕು ಹಾಕಿ, ತನಗೆ ಬೇಕಾದ ಸಾರವನ್ನೆಲ್ಲ ಹೀರಿಕೊಂಡು ಬಿಟ್ಟದ್ದೇ ಸಗಣಿ, ನಿಮ್ಮ ಅನ್ನವನ್ನು ಯಾರೂ ಹೀರಿಲ್ಲ. ಪುಣೆಯಲ್ಲಿ ಆನಂದ ಕರ್ವೆಯವರು ಮನೆಯ ಅಂಗಳದಲ್ಲಿಡುವ ಸಣ್ಣ ತೊಟ್ಟಿಯನ್ನು ಇದೇ ತತ್ತ್ವದ ಮೇಲೆ ಮಾಡಿದರು. ಅವರ ಸಂಸ್ಥೆಗೆ ೨೦೦೬ರಲ್ಲಿ ಇಂಗ್ಲೆಂಡಿನ ಆ್ಯಶ್ಡನ್ ಪ್ರಶಸ್ತಿ ಬಂತು. ಉಳಿದ ಅನ್ನ ಊರ ಕಸದ ಗುಡ್ಡೆಯಲ್ಲಿ ಕೊಳೆತರೆ ಅಲ್ಲಿಂದ ಹೇಗೂ ಮೀಥೇನ್ ಏಳುತ್ತದೆ. ಆದುದರಿಂದ ನಿಮ್ಮ ಲೆಕ್ಕ ತಿಪ್ಪೆಯವಳ ಲೆಕ್ಕಕ್ಕಿಂತ ಚೆನ್ನಾಗಿದೆ. ಹುಳಿ ಪದಾರ್ಥ ಹೆಚ್ಚಾಗಿ ಹಾಕಿದರೆ ತೊಟ್ಟಿ ಕೆಡುತ್ತದೆ, ಸ್ವಲ್ಪ ಸ್ವಲ್ಪವೇ ಹಾಕಬೇಕು. ವಾರಕ್ಕೊಮ್ಮೆ ಕೊಳವೆಯ ಕೀಲುಗಳಿಗೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೆ ಎಂದು ನೋಡಬೇಕು. ಆ ಕೆಲಸವನ್ನು ಲೋಟ ತೊಳೆಯುವ ಹುಡುಗನಿಗೆ ಹಚ್ಚುವುದಾದರೆ ಲೋಟದ ಸಂಬಳದಲ್ಲೇ ಮಾಡಿಸಬೇಡಿ, ಅದಕ್ಕೆ ಬೇರೆ ಕೂಲಿ ಗೊತ್ತುಮಾಡಿ.